ಕೂಸಿನ ಮುಖವನ್ನು ಪಣಕ್ಕಿಡಬೇಡಿ



ಮೊಬೈಲಿನಲ್ಲಿ ಈಗ ಒಂದು ಆಟ ನಡೆದಿದೆ. ತಾಯಿಯೊಬ್ಬಳು ತನ್ನ ಕೂಸಿನ ಭಾವಚಿತ್ರವನ್ನು ಫೇಸ್‌ಬುಕ್ಕಿಗೋ ಇನ್‌ಸ್ಟಾಗ್ರಾಮಿಗೋ ಹಾಕಿ, ಪರಿಚಯದ ನಾಲ್ಕಾರು ತಾಯಂದಿರ ಹೆಸರು ಬರೆದು, ‘ನಿಮ್ಮ ಮಗುವಿನದನ್ನೂ ಹಾಕಿ ನೋಡೋಣ’ ಎಂದು ಸವಾಲೆಸೆಯುತ್ತಾಳೆ. ಇದಕ್ಕೆ ಚಾಲೆಂಜ್ ಎಂದು ಹೆಸರು. ಹಾಕದವರು ಬಿಗುಮಾನದವರು, ಹಾಕಿದವರಿಗೆ ಎಷ್ಟು ಲೈಕ್ ಬಂತೆಂಬ ಲೆಕ್ಕ. ಕೃಷ್ಣಾಷ್ಟಮಿ ಬಂದರೆ ಮುದ್ದು ಕೃಷ್ಣರ ಫೋಟೋ ಸ್ಪರ್ಧೆಗಳು ಬೇರೆ. ದುಡಿಯುವ ಗಂಡಸು ಕಂಡಕಂಡವರಿಗೆಲ್ಲ ‘ನಮ್ಮ ಪಾಪುವಿಗೊಂದು ಲೈಕ್ ಒತ್ತಿ’ ಎಂದು ಬೇಡುವುದನ್ನು ನೋಡಿದರೆ ನಗುವೂ ಬರುತ್ತದೆ, ಮರುಕವೂ ಆಗುತ್ತದೆ.

ಇಂಥದ್ದರಿಂದ ಒಳಿತೇ ಆಗಿಲ್ಲವೆಂದು ನಾವು ಹೇಳುವುದಿಲ್ಲ. 2015ರ ಜೂನ್ ತಿಂಗಳಲ್ಲಿ ಹರಿಯಾಣದ ಜೀಂದ್ ಜಿಲ್ಲೆಯ ಬೀಬೀಪುರ ಗ್ರಾಮದ ಸರಪಂಚ ಸುನಿಲ್ ಜಗ್ಲಾನ್ ಅವರು, ಹೆತ್ತವರು ಮಗಳೊಡನೆ ಫೋಟೋ ತೆಗೆದು ಕಳುಹಿಸುವ ಸ್ಪರ್ಧೆಯೊಂದನ್ನು ಏರ್ಪಡಿಸಿದರು. 2011ರ ಜನಗಣತಿಯಂತೆ ಆ ರಾಜ್ಯದಲ್ಲಿ ಆರು ವರ್ಷದವರೆಗಿನ 1000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು ಕೇವಲ 834. ಹೆಣ್ಣೆಂದು ತಿಳಿದರೆ ಹುಟ್ಟಲೂ ಬಿಡದವರಿದ್ದ ಸೀಮೆಯಲ್ಲಿ ತಂದೆಯೊಬ್ಬ ಮಗಳ ಹೆಗಲ ಮೇಲೆ ಕೈಯಿಟ್ಟು ನಿಂತದ್ದು ಸಣ್ಣ ಮಾತಲ್ಲ. ಅದೇ 28ರಂದು ಪ್ರಧಾನಿಯವರು ‘ಮನ್ ಕಿ ಬಾತ್’ನಲ್ಲಿ ಅದನ್ನು ಕೊಂಡಾಡಿದರು. ಆ ಫೋಟೋಗಳಿಗೆ ಒಂದು ಉದ್ದೇಶವಿತ್ತು. ಇಂದಿನವುಗಳ ಉದ್ದೇಶವೇನೆಂದು ಕೇಳಿದರೆ, ‘ಎಲ್ಲರೂ ಹಾಕಿದ್ದಾರೆ ಬುದ್ಧಿ’ ಎಂಬ ಉತ್ತರ ಬರುತ್ತದೆ.

ಬನ್ನೇರುಘಟ್ಟ ರಸ್ತೆಯ ಗೊಟ್ಟಿಗೆರೆಯನ್ನೇ ತೆಗೆದುಕೊಳ್ಳಿ. ಕೆರೆಯ ಮಗ್ಗುಲಿನ ಹಳ್ಳಿ ಇಂದು ಬೆಂಗಳೂರಿನೊಳಗೆ ಸೇರಿಹೋಗಿದೆ. ಅದು ಹಳ್ಳಿಯಾಗಿದ್ದ ಕಾಲದಲ್ಲಿ ಮಗು ಬೀದಿಗೆ ಬಂದರೆ ನೂರು ಕಣ್ಣು ಅದರ ಮೇಲೆ ಬೀಳುತ್ತಿದ್ದವು. ಆದರೆ ಆ ಕಣ್ಣುಗಳಿಗೆಲ್ಲ ಹೆಸರಿತ್ತು. ನೋಡಿದವರು ಯಾರ ಮನೆಯವರೆಂದು ಅಜ್ಜಿಗೆ ಗೊತ್ತಿತ್ತು. ಅಷ್ಟಾದರೂ ಆಕೆ ಕೆನ್ನೆಗೆ ಕಾಡಿಗೆಯ ಬೊಟ್ಟಿಡದೆ ಕೂಸನ್ನು ಹೊರಗೆ ಕಳಿಸುತ್ತಿರಲಿಲ್ಲ; ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ದೃಷ್ಟಿಯನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆ ಬೊಟ್ಟಿನ ಹಿಂದಿದ್ದ ಎಚ್ಚರ ಮಾತ್ರ ಸುಳ್ಳಲ್ಲ. ಈಗ ಅಲ್ಲಿಯ ಮಹಡಿ ಮನೆಗಳಲ್ಲಿ ಗೇಟಿಗೆ ಕಾವಲುಗಾರ, ಬಾಗಿಲಿಗೆ ಕ್ಯಾಮೆರಾ, ಬಂದವರ ಹೆಸರು ಪುಸ್ತಕದಲ್ಲಿ. ಒಳಗೆ ಕುಳಿತ ತಾಯಿ, ಎರೆದ ಕೂಸಿನ ಚಿತ್ರವನ್ನು ಹೆಸರೇ ತಿಳಿಯದ ಸಾವಿರ ಜನರ ಮುಂದೆ ಇಡುತ್ತಾಳೆ!

ಹೋದ ಚಿತ್ರ ಮರಳಿ ಬಾರದು. ನೀವು ಅಳಿಸುವ ಮುನ್ನವೇ ಇನ್ನೊಬ್ಬರು ಉಳಿಸಿಕೊಂಡಿರುತ್ತಾರೆ. 2020ರ ಸೆಪ್ಟೆಂಬರಿನಲ್ಲಿ ಗಂಡಹೆಂಡಿರ ಫೋಟೋ ಹಾಕುವ ಕಪಲ್ ಚಾಲೆಂಜ್ ಹಬ್ಬಿದಾಗ, ಅವು ದುರ್ಬಳಕೆಯಾದಾವೆಂದು ಪುಣೆಯ ಪೊಲೀಸರು ಎಚ್ಚರಿಸಿದ್ದರು. ಕೃತಕ ಬುದ್ಧಿಮತ್ತೆ ಬಂದ ಮೇಲೆ ಚಿತ್ರ ತಿದ್ದುವುದು ಇನ್ನೂ ಹಗುರವಾಗಿದೆ. ಶಾಲೆಯ ಸಮವಸ್ತ್ರ, ಕೊರಳಿನ ಗುರುತಿನ ಚೀಟಿ, ಹುಟ್ಟುಹಬ್ಬದ ಕೇಕು ಇವಿಷ್ಟೂ ಚಿತ್ರದಲ್ಲಿದ್ದರೆ, ಮಗುವಿನ ಹೆಸರು, ವಯಸ್ಸು, ಶಾಲೆಯನ್ನು ನಾವೇ ಬರೆದುಕೊಟ್ಟಂತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ತುಂಬದವರನ್ನು ಮಕ್ಕಳೆಂದು ಎಣಿಸಿ, ಕಂಪನಿಗಳು ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಕಾನೂನು ಕಾವಲಿಗೆ ನಿಲ್ಲಿಸಿದ್ದು ತಂದೆತಾಯಿಯನ್ನು. ಆ ಕಾವಲೇ ಬಾಗಿಲು ತೆರೆದಿಟ್ಟರೆ ಕಾನೂನು ಏನು ಮಾಡೀತು?

ಇನ್ನು ಮಗುವಿನ ಮನಸ್ಸು. ಮಠಕ್ಕೆ ಬರುವ ಭಕ್ತರು ಮಕ್ಕಳನ್ನು ನಮ್ಮ ಪಕ್ಕ ನಿಲ್ಲಿಸಿ ಫೋಟೋ ಹಿಡಿಯುತ್ತಾರೆ, ಹಿಡಿಯಲಿ. ಆದರೆ ಮುಖ ತಿರುಗಿಸಿದ ಕೂಸಿನ ಗಲ್ಲ ಹಿಡಿದು ಎಳೆದು ‘ನಗು’ ಎಂದು ಗದರಿಸುವುದು ನಮಗೆ ಸೇರದು. ಅದು ಬೇಡವೆಂದಿತಲ್ಲ, ಅಷ್ಟು ಸಾಲದೇ?

ದೂರದೂರಿನ ಮಗ ಹಳ್ಳಿಯ ತಾಯಿಗೆ ಮೊಮ್ಮಗುವಿನ ಚಿತ್ರ ಕಳಿಸುವುದು ಬೇರೆ. ಅದು ಅಜ್ಜಿಯನ್ನು ತೊಟ್ಟಿಲ ಬಳಿಗೆ ಕರೆದಂತೆ. ಆದರೆ ಹಿರಿಯರೇ, ಹಾಗೆ ಬಂದ ಚಿತ್ರವನ್ನು ನೀವೂ ಸಂತೋಷಕ್ಕೆ ಹತ್ತು ವಾಟ್ಸ್ಆ್ಯಪ್ ಗುಂಪುಗಳಿಗೆ ದಾಟಿಸುತ್ತೀರಿ. ಅದಕ್ಕೆ ಮುನ್ನ ಸೊಸೆಯನ್ನೊಂದು ಮಾತು ಕೇಳಿ.