ಗೇರ್‌ಬಾಕ್ಸ್ ಬಿಚ್ಚುವ ಮೊದಲು ಕಿವಿ ಬಿಚ್ಚಿ!

ಬೆಂಗಳೂರು, ಮೈಸೂರು ಸೇರಿ ಪ್ಯಾಂಟು-ಷರ್ಟು ಇಸ್ತ್ರಿ ಮಾಡಿಕೊಂಡು ಓಡಾಡುತ್ತಿರುವ ಕನ್ನಡದ ತರುಣರೇ, ನಿಮ್ಮಲ್ಲಿ ಎಷ್ಟೋ ಜನರ ಅಪ್ಪಂದಿರು ಇನ್ನೂ ಊರಲ್ಲೇ ಇದ್ದಾರೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಯಾವ ತಾಲ್ಲೂಕೇ ಆಗಲಿ, ಜಗಲಿ ಮುಂದೆ ಬಣ್ಣ ಹೋದ ಒಂದು ಟ್ರ್ಯಾಕ್ಟರ್ ನಿಂತಿರುತ್ತದೆ. ನಿಮ್ಮ ಕಾಲೇಜು ಫೀಸು ದುಡಿದುಕೊಟ್ಟದ್ದು ಅದೇ. ಒಂದು ದಿನ ಅಪ್ಪನ ಫೋನು ಬರುತ್ತದೆ: "ಮಗಾ, ಗಾಡಿ ಯಾಕೋ ಗೊರಗೊರ ಅಂತದೆ ಕಣಪ್ಪಾ."

ನೀವೇನು ಹೇಳುತ್ತೀರಿ? "ಗುಜರಿಗೆ ಹಾಕಿ ಲೋನ್ ಮೇಲೆ ಹೊಸದು ತಗೊಳಪ್ಪ" ಎನ್ನುತ್ತೀರಿ. ಇಲ್ಲವೇ "ಮೈಸೂರಿಗೆ ಹೊಡ್ಕೊಂಡು ಹೋಗಿ ಗೇರ್‌ಬಾಕ್ಸ್ ಬಿಚ್ಚಿಸು" ಎನ್ನುತ್ತೀರಿ. ಸದ್ದು ಎಂಥದು, ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಒಬ್ಬನಾದರೂ ಕೇಳಿದ್ದೀರಾ? ನಿಮ್ಮಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದವರೂ ಇದ್ದೀರಿ!

ನಾನು ಮೆಕ್ಯಾನಿಕ್ ಅಲ್ಲ. ಪಿಯುಸಿಗೇ ಓದಿಗೆ ಶರಣು ಹೊಡೆದು ಅಚ್ಚುಕೂಟಕ್ಕೆ ಬಿದ್ದವನು. ಲಗ್ನಪತ್ರಿಕೆ, ತಿಥಿ ಕಾರ್ಡು, ಬಿಲ್ ಬುಕ್ಕು ನನ್ನ ಹೊಟ್ಟೆಪಾಡು. ಆದರೆ ಅಪ್ಪನ ಟ್ರೆಡಲ್ ಮಷೀನಿನ ಪಕ್ಕ ಬೆಳೆದವನಿಗೆ ಹಲ್ಲಿನ ಚಕ್ರದ ಭಾಷೆ ಸ್ವಲ್ಪ ಗೊತ್ತು. ಒಂದು ಹಲ್ಲು ಮುರಿದರೆ ಸುತ್ತಿಗೊಂದು ಸಲ 'ಟಕ್' ಅನ್ನುತ್ತದೆ. ಬೇರಿಂಗ್ ಸವೆದರೆ ಬಿಡುವಿಲ್ಲದೆ ಗೊರಗುಟ್ಟುತ್ತದೆ. ಅಚ್ಚಿನ ಮಷೀನಿಗೂ ಟ್ರ್ಯಾಕ್ಟರಿಗೂ ಈ ವಿಷಯದಲ್ಲಿ ಭೇದವಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಚಿಕ್ಕಪ್ಪನ ಗಾಡಿ ಹಿಂಬದಿಯಲ್ಲಿ 'ಗುಂಯ್' ಎನ್ನತೊಡಗಿತು. ಒಂದು ದೊಡ್ಡ ಗ್ಯಾರೇಜಿಗೆ ಒಯ್ದರು. ಹೆಸರು ಬೇಡ. ಅಲ್ಲಿ ಗಾಡಿಯನ್ನು ನಡುವೆ ಎರಡು ಹೋಳು ಮಾಡಿ, ಗೇರ್‌ಬಾಕ್ಸ್ ಬಿಚ್ಚಿ, ಎರಡು ಗೇರು, ಮೂರು ಬೇರಿಂಗ್ ಬದಲಾಯಿಸಿ, ಆರು ದಿನ ಇಟ್ಟುಕೊಂಡು 38 ಸಾವಿರ ಬಿಲ್ ಕೊಟ್ಟರು. ಊರಿಗೆ ಬರುವಷ್ಟರಲ್ಲಿ ಮತ್ತೆ 'ಗುಂಯ್'! ಕೊನೆಗೆ ನಮ್ಮ ಪೇಟೆಯ ಒಬ್ಬ ಮುದಿ ಮೇಸ್ತ್ರಿ ಕೇಳಿದ್ದು ಒಂದೇ ಮಾತು: "ಗೌಡ್ರೆ, ಲಿಫ್ಟ್ ಎತ್ತಿದಾಗ ಸದ್ದು ಜಾಸ್ತಿ ಆಯ್ತದಾ?" ಆಗುತ್ತಿತ್ತು. ಗೇರುಗಳಲ್ಲಿ ಏನೂ ಇರಲಿಲ್ಲ. ಹೈಡ್ರಾಲಿಕ್ ಪಂಪು ಎಣ್ಣೆ ಹೀರುವ ಜಾಲರಿ ಕಟ್ಟಿಕೊಂಡಿತ್ತು. ಗ್ಯಾರೇಜಿನವರು ಹೊಸ ಎಣ್ಣೆ ಸುರಿದಿದ್ದರು, ಜಾಲರಿ ತೊಳೆದಿರಲಿಲ್ಲ.

ಚಿಕ್ಕಪ್ಪ ಆ ಬಿಲ್ ತಂದು ನನ್ನ ಮೇಜಿನ ಮೇಲಿಟ್ಟರು. "ಓದು ಮಗಾ, ಏನೇನು ಬದಲಾಯಿಸವ್ರೆ?" ಮೇಲಿಂದ ಕೆಳಗೆ ಇಂಗ್ಲಿಷು. ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ನನ್ನ ಅಚ್ಚುಕೂಟದ ಹೆಸರು! ದುಡ್ಡು ಕೊಟ್ಟವನಿಗೆ ಓದಲು ಬಾರದ ಬಿಲ್ ಬುಕ್ಕನ್ನು ಅಚ್ಚು ಹಾಕಿದವನು ನಾನೇ. ಅವತ್ತಿನ ನಾಚಿಕೆಯೇ ಈ ಬರಹ.

ಈಗ ಕೇಳಿ. ಹಳೇ ಗಾಡಿಯ ಸದ್ದನ್ನು ಪತ್ತೆ ಹಚ್ಚಲು ಮೊದಲು ಬೇಕಾದ್ದು ಸ್ಪ್ಯಾನರ್ ಅಲ್ಲ, ಪ್ರಶ್ನೆ.

ಗಾಡಿ ನಿಲ್ಲಿಸಿ, ಬ್ರೇಕ್ ಲಾಕ್ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಲಿ. ಸದ್ದು ಇದೆಯೇ? ಕ್ಲಚ್ ತುಳಿಯಿರಿ. ತುಳಿದ ಕೂಡಲೇ ನಿಂತರೆ, ಇಂಜಿನ್ನಿನಿಂದ ಗೇರ್‌ಬಾಕ್ಸಿಗೆ ಶಕ್ತಿ ಒಯ್ಯುವ ಶಾಫ್ಟಿನ ಬೇರಿಂಗೋ, ಅದರ ಜೊತೆ ಸದಾ ತಿರುಗುವ ಗೇರುಗಳೋ ದೂರು ಹೇಳುತ್ತಿವೆ. ಅದಕ್ಕೆ ಉಲ್ಟಾ, ಸುಮ್ಮನಿದ್ದ ಗಾಡಿ ತುಳಿದಾಗ ಮಾತ್ರ 'ಕಿರ್ರ್' ಎಂದರೆ ಅನುಮಾನ ಮೊದಲು ಕ್ಲಚ್ ಬೇರಿಂಗ್ ಮೇಲೆ. ಅದನ್ನು ಬದಲಾಯಿಸಲೂ ಗಾಡಿ ಹೋಳು ಮಾಡಲೇಬೇಕು, ನಿಜ. ಆದರೆ ಗೇರ್‌ಬಾಕ್ಸಿನ ಹೊಟ್ಟೆ ಕೊಯ್ಯಬೇಕಿಲ್ಲ! ಡಬಲ್ ಕ್ಲಚ್ಚಿನ ಗಾಡಿಯಾದರೆ ಅರ್ಧ ತುಳಿದಾಗ ಗೇರ್‌ಬಾಕ್ಸಿಗೆ ಹೋಗುವ ಶಕ್ತಿ ಕಡಿಯುತ್ತದೆ, ಪೂರ್ತಿ ತುಳಿದಾಗ ಪಿ.ಟಿ.ಒ. ಕೂಡ ನಿಲ್ಲುತ್ತದೆ. ಎರಡು ಹಂತದಲ್ಲಿ ತುಳಿದು ಎರಡು ಸಲ ಕೇಳಬೇಕು.

ಮ್ಯಾಸ್ಸಿ 35ರ ವಂಶದ ಗಾಡಿಗಳಲ್ಲಿ ಇನ್ನೊಂದು ಗುಟ್ಟಿದೆ. ಅವುಗಳ ಹೈಡ್ರಾಲಿಕ್ ಪಂಪು ಹೌಸಿಂಗಿನ ಒಳಗೇ ಎಣ್ಣೆಯಲ್ಲಿ ಮುಳುಗಿ ಕೂತಿರುತ್ತದೆ. ಅದನ್ನು ತಿರುಗಿಸುವುದು ಪಿ.ಟಿ.ಒ. ಶಾಫ್ಟು. ಕ್ಲಚ್ ಪೂರ್ತಿ ತುಳಿದು ಪಿ.ಟಿ.ಒ. ಲಿವರ್ ನ್ಯೂಟ್ರಲ್ ಮಾಡಿ, ಬಿಟ್ಟು ನೋಡಿ. ಸದ್ದು ಮಾಯವಾದರೆ ಗೇರುಗಳ ಮೇಲೆ ಅಪವಾದ ಹೊರಿಸಬೇಡಿ. ಚಿಕ್ಕಪ್ಪನ 38 ಸಾವಿರ ಉಳಿಸಬಹುದಾಗಿದ್ದದ್ದು ಈ ಒಂದು ಲಿವರ್.

ನಿಂತಾಗ ಸುಮ್ಮನಿದ್ದು ಓಡುವಾಗ ಮಾತ್ರ ಸದ್ದೇ? ಒಂದೇ ಗೇರಿನಲ್ಲಿ ಬಂದರೆ ಆ ಗೇರಿನ ಹಲ್ಲು ನೋಡಿಸಿ. ಲೋ ಹಾಕಿದಾಗ ಬಂದು ಹೈನಲ್ಲಿ ಇಲ್ಲವಾದರೆ ಹೈ-ಲೋ ಭಾಗ ನೋಡಿಸಿ. ಎಲ್ಲ ಗೇರಿನಲ್ಲೂ ಬಂದು, ಇಂಜಿನ್ ವೇಗಕ್ಕಲ್ಲದೆ ಚಕ್ರದ ವೇಗಕ್ಕೆ ತಕ್ಕಂತೆ ಏರಿಳಿದರೆ ಕ್ರೌನ್ ಪಿನಿಯನ್ ಕಡೆಗೆ ಕಿವಿ ಕೊಡಿ. ತುಂಬಿದ ಟ್ರೈಲರ್ ಎಳೆಯುವಾಗ ಗೊರಗುಟ್ಟಿ, ಆಕ್ಸಿಲರೇಟರ್ ಬಿಟ್ಟಾಗ ದನಿ ಬದಲಾಯಿಸಿದರೆ ಆ ಅನುಮಾನ ಇನ್ನಷ್ಟು ಗಟ್ಟಿ. ನೇರ ಹೋಗುವಾಗ ಮೌನ, ತಿರುವಿನಲ್ಲಿ ಮಾತ್ರ 'ಕಟಕಟ' ಎಂದರೆ ಡಿಫರೆನ್ಷಿಯಲ್ಲಿನ ಪುಟ್ಟ ಪಿನಿಯನ್ನುಗಳು. ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಿದಾಗ ಮಾತ್ರ ತಾನೇ ಅವಕ್ಕೆ ಕೆಲಸ? ಒಂದೇ ಬದಿಯ ಸದ್ದಾದರೆ ಇಂಜಿನ್ ನಿಲ್ಲಿಸಿ, ಆ ಬದಿ ಜಾಕ್ ಕೊಟ್ಟು, ಕೆಳಗೆ ಗಟ್ಟಿ ದಿಮ್ಮಿ ಇಟ್ಟು, ಚಕ್ರವನ್ನು ಕೈಯಲ್ಲಿ ಅಲ್ಲಾಡಿಸಿ. ಆಕ್ಸಲ್ ಬೇರಿಂಗ್ ಹೋಗಿದ್ದರೆ ಕೈಗೇ ಗೊತ್ತಾಗುತ್ತದೆ. ಜಾಕಿನ ಮೇಲೆ ನಿಂತ ಗಾಡಿಯ ಇಂಜಿನ್ ಓಡಿಸುವ ಸಾಹಸ ಮಾತ್ರ ಬೇಡ. ತಿರುಗುವ ಪಿ.ಟಿ.ಒ. ಹತ್ತಿರ ಪಂಚೆ, ಟವೆಲ್ ಉಟ್ಟುಕೊಂಡು ಹೋಗಲೂ ಬೇಡಿ.

ಇನ್ನು ಎಣ್ಣೆ. ಸದ್ದು ಬಂದ ಮೇಲೆ ಮೊದಲು ಡಿಪ್‌ಸ್ಟಿಕ್ ಎಳೆದು ನೋಡುವವರು ಎಷ್ಟು ಜನ? ಅಳತೆಗಿಂತ ಕಡಿಮೆ ಇದ್ದರೆ ಬೇರೇನೂ ಬಿಚ್ಚುವ ಮುಂಚೆ ಅದನ್ನು ಸರಿಮಾಡಿ. ಹೊಲದಲ್ಲಿ ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ ಕೆಳಗಿನ ಬಿರಡೆ ತೆಗೆದು ಬಿಳೀ ತಟ್ಟೆಗೆ ಇಳಿಸಿ. ಬೂದು ಬಣ್ಣದ ನುಣುಪು ಗಸಿ ಇದ್ದರೆ ಸಹಜ ಸವೆತ. ಉಗುರಿನಂಥ ಕಬ್ಬಿಣದ ಚೂರು ಸಿಕ್ಕರೆ ಹಲ್ಲೋ ಬೇರಿಂಗೋ ಒಡೆದಿದೆ; ಗಾಡಿ ಅಲ್ಲೇ ನಿಲ್ಲಿಸಿ. ಹಿತ್ತಾಳೆ ಬಣ್ಣದ ಪುಡಿ ಕಂಡರೆ ಬುಷ್ಷು, ವಾಷರ್ ಸವೆದಿವೆ. ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಕೆ.ಆರ್. ನಗರದ ಕಾವೇರಿ ಬಯಲಿನವರೇ, ಇದು ನಿಮಗೆ! ಕೇಜ್ ವೀಲ್ ಕಟ್ಟಿ ಆಕ್ಸಲ್ ಮುಳುಗುವಷ್ಟು ಕೆಸರಿನಲ್ಲಿ ಗದ್ದೆ ತುಳಿಸುತ್ತೀರಿ, ಸವೆದ ಸೀಲಿನಲ್ಲಿ ನೀರು ಒಳಗೆ ಹೋಗುತ್ತದೆ, ನಾಟಿ ಮುಗಿದ ಮೇಲೆ ಒಬ್ಬರೂ ಎಣ್ಣೆ ನೋಡುವುದಿಲ್ಲ. ಹುಣಸೂರು, ಪಿರಿಯಾಪಟ್ಟಣದ ನಮ್ಮವರೇನೂ ಕಡಿಮೆಯಿಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಹೇರಿ ಉಬ್ಬು-ತಗ್ಗಿನ ರಸ್ತೆಯಲ್ಲಿ ಬರುವಾಗ ಎಡಗಾಲು ಕ್ಲಚ್ ಪೆಡಲ್ ಮೇಲೇ ವಾಸ! ಕ್ಲಚ್ ಬೇರಿಂಗ್ ಕಿರುಚದೆ ಇನ್ನೇನು ಮಾಡೀತು?

ಇಷ್ಟೆಲ್ಲ ಯಾಕೆ, ಹೊಸ ಗಾಡಿ ಕೊಳ್ಳಬಾರದೇ ಎನ್ನುತ್ತೀರಾ? ಕಂತು ಕಟ್ಟುವವರು ನೀವಾದರೆ ಕೊಳ್ಳಿರಿ. ಹಳೇ ಗಾಡಿಗೆ ತಪ್ಪು ಚಿಕಿತ್ಸೆ ಹೊಸದಕ್ಕಿಂತ ದುಬಾರಿ, ಏಕೆಂದರೆ ಬಿಡಿಭಾಗ ಸಿಗಬೇಕಲ್ಲ. 1953ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಎಚ್.ಎಂ.ಟಿ., ಜೆಟೋರ್ ಗಾಡಿಯ ತಂತ್ರಜ್ಞಾನ ತಂದು ಹರಿಯಾಣದ ಪಿಂಜೋರಿನಲ್ಲಿ 1971ರಿಂದ ಟ್ರ್ಯಾಕ್ಟರ್ ಮಾಡಿತು. 2016ರಲ್ಲಿ ಕೇಂದ್ರ ಸರ್ಕಾರ ಆ ಕಾರ್ಖಾನೆ ಮುಚ್ಚಲು ತೀರ್ಮಾನಿಸಿತು. ಆ ಗಾಡಿ ಇಟ್ಟುಕೊಂಡವನು ಒಳ್ಳೆಯ ಗೇರನ್ನು ಸುಮ್ಮನೆ ಬಿಚ್ಚಿಸಿ ಗುಜರಿಗೆ ಎಸೆದರೆ ಮತ್ತೆ ಎಲ್ಲಿಂದ ತರುತ್ತಾನೆ?

ಆ ಮುದಿ ಮೇಸ್ತ್ರಿಗೆ ಇಂಗ್ಲಿಷ್ ಅಕ್ಷರ ಬಾರದು. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಹೌಸಿಂಗಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ ಕೇಳುತ್ತಾರೆ. ಗೊರಗೊರ ಬೇರೆ, ಕಟಕಟ ಬೇರೆ, ಗುಂಯ್ ಬೇರೆ, ಕಿರ್ರ್ ಬೇರೆ. ಅವರಿಗೆ ಇವೆಲ್ಲ ಬೇರೆ ಬೇರೆ ರೋಗ. ನನ್ನ ಹತ್ತಿರ ಬೈಂಡಿಂಗಿಗೆ ಬಂದಿದ್ದ ಒಂದು ಕಂಪನಿಯ ಕೈಪಿಡಿಯಲ್ಲಿ ಎಲ್ಲಕ್ಕೂ ಒಂದೇ ಮಾತು, 'ಅಬ್ನಾರ್ಮಲ್ ನಾಯ್ಸ್', ಡೀಲರ್ ಬಳಿ ಹೋಗಿ! ಮೇಸ್ತ್ರಿಗೆ ಗೊತ್ತಿರುವುದನ್ನು ಬರೆದಿಟ್ಟವರಿಲ್ಲ. ಅವರ ಹುಡುಗ ಮೈಸೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ.

ಅವರನ್ನು ಕೂರಿಸಿಕೊಂಡು, ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ 500 ಪ್ರತಿ ಅಚ್ಚು ಹಾಕಿದ್ದೇನೆ. ನಾಲ್ಕೂ ತಾಲ್ಲೂಕಿನ ಗ್ಯಾರೇಜು, ಗೊಬ್ಬರದ ಅಂಗಡಿಗಳ ಗೋಡೆಗೆ ಅಂಟಿಸುತ್ತಿದ್ದೇನೆ. ಗ್ಯಾರೇಜಿನವರ ಬಿಲ್ ಬುಕ್ಕನ್ನೂ ಈಗ ಕನ್ನಡದಲ್ಲೇ ಜೋಡಿಸಿಕೊಡುತ್ತೇನೆ, ಒಪ್ಪದ ಇಬ್ಬರು ಗಿರಾಕಿಗಳು ಬೇರೆ ಅಚ್ಚುಕೂಟಕ್ಕೆ ಹೋದರು. ಹೋಗಲಿ. ಹಾಳೆಯಲ್ಲಿ ತಪ್ಪಿದ್ದರೆ ಇಂಜಿನಿಯರಿಂಗ್ ಓದಿದ ನೀವು ತಿದ್ದಿ ಕಳಿಸಿ, ಎರಡನೇ ಅಚ್ಚಿಗೆ ಸೇರಿಸುತ್ತೇನೆ.

ಅಷ್ಟರೊಳಗೆ ಅಪ್ಪನ ಫೋನು ಬಂದರೆ ಲೋನಿನ ಮಾತು ಆಮೇಲೆ ಆಡಿ. ಮೊದಲು ಕೇಳಿ: "ಅಪ್ಪಾ, ಕ್ಲಚ್ ತುಳಿದಾಗ ಸದ್ದು ನಿಲ್ತದಾ?"