ಪ್ರಧಾನಿಗೆ ಕೇಳಿಸದಂತೆ ಬಾಯಿ ಮುಚ್ಚಿಸಿದವರು

2019ರ ಜುಲೈ 15. ಜಪಾನಿನ ಮೇಲ್ಮನೆ ಚುನಾವಣೆಯ ಮತದಾನಕ್ಕೆ ಆರೇ ದಿನ ಉಳಿದಿತ್ತು. ಸಪ್ಪೊರೊ ನಗರದ ರೈಲು ನಿಲ್ದಾಣದ ಮುಂದೆ ಪ್ರಧಾನಿ ಶಿಂಜೊ ಅಬೆ ಪ್ರಚಾರ ಭಾಷಣ ಮಾಡುತ್ತಿದ್ದರು. ಜನರ ನಡುವಿನಿಂದ ಒಬ್ಬ ‘ಅಬೆ, ರಾಜೀನಾಮೆ ಕೊಡು’ ಎಂದು ಕೂಗಿದ. ಒಬ್ಬ ವಿದ್ಯಾರ್ಥಿನಿ ತೆರಿಗೆ ಏರಿಕೆಯನ್ನು ವಿರೋಧಿಸಿ ದನಿ ಎತ್ತಿದಳು. ನೋಡನೋಡುತ್ತಿದ್ದಂತೆ ಹೊಕ್ಕೈಡೊ ಪೊಲೀಸರು ಇಬ್ಬರನ್ನೂ ಹಿಡಿದು ದೂರಕ್ಕೆ ಎಳೆದೊಯ್ದರು. ಪಿಂಚಣಿ ಕುರಿತ ಪ್ರಶ್ನೆಯನ್ನು ಫಲಕದಲ್ಲಿ ಬರೆದು ತಂದ ವಯಸ್ಸಾದ ಮಹಿಳೆಯರನ್ನೂ ತಡೆದರು. ಅಬೆ ಪರವಾದ ಫಲಕಗಳಿಗೆ ಮಾತ್ರ ಯಾವ ಅಡ್ಡಿಯೂ ಇರಲಿಲ್ಲ.

ಇದು ಭದ್ರತೆಯಲ್ಲ, ಪಕ್ಷಪಾತ.

2022ರ ಮಾರ್ಚ್‌ನಲ್ಲಿ ಸಪ್ಪೊರೊ ಜಿಲ್ಲಾ ನ್ಯಾಯಾಲಯ, ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆಯಾಗಿದೆ ಎಂದು ಹೇಳಿ ಇಬ್ಬರಿಗೂ ಸೇರಿ 8.8 ಲಕ್ಷ ಯೆನ್ ಪರಿಹಾರ ಕೊಡಿಸಿತು. ಅದೇ ವರ್ಷದ ಜುಲೈನಲ್ಲಿ ನಾರಾ ನಗರದಲ್ಲಿ ಅಬೆ ಹತ್ಯೆಯಾಯಿತು. ಪೊಲೀಸರು ಹಿಂಜರಿಯಲು ಈ ತೀರ್ಪೇ ಕಾರಣ ಎಂದು ಕೆಲವರು ದೂರಿದರು. ಎಂಥ ಅನ್ಯಾಯದ ಮಾತು! ಹಂತಕ ಘೋಷಣೆ ಕೂಗಿರಲಿಲ್ಲ, ಫಲಕವನ್ನೂ ಹಿಡಿದಿರಲಿಲ್ಲ. ನಾಡಬಂದೂಕು ಹಿಡಿದು ಹಿಂದಿನಿಂದ ಬಂದಿದ್ದ. ಹಿಂಬದಿಯ ಕಾವಲು ಸಡಿಲವಾಗಿತ್ತೆಂದು ಪೊಲೀಸ್ ಇಲಾಖೆಯ ಪರಿಶೀಲನೆಯೇ ಒಪ್ಪಿಕೊಂಡಿತು. ಆದರೂ 2023ರಲ್ಲಿ ಹೈಕೋರ್ಟ್ ಯುವಕನಿಗೆ ಕೊಟ್ಟಿದ್ದ ಪರಿಹಾರವನ್ನು ರದ್ದು ಮಾಡಿ, ಯುವತಿಯ 5.5 ಲಕ್ಷ ಯೆನ್ ಮಾತ್ರ ಉಳಿಸಿತು. 2024ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಖಾಯಂ ಮಾಡಿತು. ಒಂದೇ ಬೀದಿಯ ಎರಡು ಕೂಗಿಗೆ ಎರಡು ನ್ಯಾಯ.

ಹಾಗೆಂದು ಬೀದಿಯಲ್ಲಿ ಎಲ್ಲ ಮಾತಿಗೂ ಸಮಾನ ರಕ್ಷಣೆ ಸಲ್ಲಬೇಕೆ? ಇಲ್ಲ. 2013ರ ಸುಮಾರಿಗೆ ಟೋಕಿಯೊದ ಶಿನ್-ಒಕುಬೊದಲ್ಲಿ ಕೊರಿಯನ್ನರನ್ನು ಕೊಲ್ಲಿರೆಂಬ ಫಲಕಗಳ ಮೆರವಣಿಗೆಗಳು ಪೊಲೀಸ್ ಕಾವಲಿನಲ್ಲೇ ಸಾಗಿದವು. ಕೂಡಿ ಬಾಳೋಣ ಎಂಬ ಫಲಕ ಹಿಡಿದು ಎದುರು ನಿಂತವರು ಸಾಮಾನ್ಯ ನಾಗರಿಕರು. 2016ರ ದ್ವೇಷಭಾಷಣ ಕಾಯ್ದೆಯಲ್ಲಿ ಶಿಕ್ಷೆಯೇ ಇಲ್ಲ. ಶಿಕ್ಷೆ ಮೊದಲು ಬಂದದ್ದು ಕವಾಸಾಕಿ ನಗರದಲ್ಲಿ: ಅಲ್ಲಿನ ಸ್ಥಳೀಯ ಕಾನೂನಿನ ಪ್ರಕಾರ ಎಚ್ಚರಿಕೆ, ಆದೇಶಗಳನ್ನು ಮೀರಿ ಮತ್ತೆ ಮತ್ತೆ ಇಂಥ ಪ್ರದರ್ಶನ ಮಾಡಿದರೆ 5 ಲಕ್ಷ ಯೆನ್‌ವರೆಗೆ ದಂಡ. ಗೆರೆ ಎಳೆಯಬೇಕಾದ್ದು ಅಲ್ಲಿ. ನೆರೆಮನೆಯವರನ್ನು ಹೊರಹಾಕು ಎನ್ನುವ ಫಲಕ ಬೇರೆ, ಆಳುವವರಿಗೆ ಕೆಳಗಿಳಿ ಎನ್ನುವ ಫಲಕ ಬೇರೆ. ಮೊದಲನೆಯದು ದುರ್ಬಲರ ಬದುಕನ್ನೇ ಕಸಿಯುತ್ತದೆ, ಎರಡನೆಯದರಿಂದ ಅಧಿಕಾರಸ್ಥರಿಗೆ ಮುಜುಗರವಾಗುತ್ತದೆ, ಅಷ್ಟೆ.

ಸಪ್ಪೊರೊದ ಕಥೆ ಕನ್ನಡಿಗರಿಗೆ ದೂರದ್ದಲ್ಲ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಪುರಭವನದ ಎದುರು ಫಲಕ ಹಿಡಿದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ಎಳೆದೊಯ್ದರು. ಗುಂಪುಗೂಡುವುದನ್ನು ನಿಷೇಧಿಸಿದ್ದ ಅಂದಿನ 144ನೇ ಸೆಕ್ಷನ್ ಆದೇಶ ಕಾನೂನುಬಾಹಿರವೆಂದು 2020ರ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟ್ ತೀರ್ಪಿತ್ತಿತು. ಆದರೆ 2021ರ ಆದೇಶವೊಂದು ನಗರದ ಪ್ರತಿಭಟನೆಗಳನ್ನೆಲ್ಲ ಫ್ರೀಡಂ ಪಾರ್ಕಿನೊಳಕ್ಕೆ ದೂಡಿತು. ಪ್ರಶ್ನೆಗೆ ಉತ್ತರಿಸಬೇಕಾದವರ ಕಣ್ಣಿಗೆ ಫಲಕ ಬೀಳದಿದ್ದರೆ ಅದನ್ನು ಬರೆದೇನು ಫಲ? ಸರ್ಕಾರ ಆ ನಿರ್ಬಂಧವನ್ನು ಕೈಬಿಟ್ಟು, ಬೀದಿಗಳನ್ನು ಜನರಿಗೆ ಮರಳಿಸಬೇಕು.