ಹುಲಿಗೂ ವಾರದ ರಜೆ, ಹುಡುಗರಿಗೆ?

ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ. ಹುಲಿ, ಆನೆ, ಕೋತಿಗೂ ವಾರಕ್ಕೊಂದು ದಿನ ಜನರ ಕಾಟ ಇಲ್ಲ. ಹತ್ತನೇ ಕ್ಲಾಸಿನ ಹುಡುಗರಿಗೆ ಮಾತ್ರ ಆ ಭಾಗ್ಯವಿಲ್ಲ. ಬೆಳಗಾಗೆದ್ದರೆ ಟ್ಯೂಷನ್, ಹಗಲು ಸ್ಕೂಲು, ಸಂಜೆ ಸ್ಪೆಷಲ್ ಕ್ಲಾಸು, ಭಾನುವಾರ ಟೆಸ್ಟು. 625ಕ್ಕೆ 600 ತಂದರೂ ಮನೆಯಲ್ಲಿ ಮೊದಲ ಪ್ರಶ್ನೆ: "ಉಳಿದ 25 ಎಲ್ಲಿ ಹೋಯ್ತೋ?"

ಇದೇ ಹುಡುಗ ದಿನಾ ಎರಡು ಸಲ ಮೃಗಾಲಯದ ಮುಂದೆಯೇ ಬಸ್ಸಿನಲ್ಲಿ ಹಾದುಹೋಗುತ್ತಾನೆ. ಒಳಗೆ ಕಾಲಿಟ್ಟಿದ್ದು ನಾಲ್ಕನೇ ಕ್ಲಾಸಿನಲ್ಲಿ! 1892ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಶುರುವಾದ ಈ ಜಾಗ ಬರೀ ಪ್ರವಾಸಿಗರಿಗೇ ಮೀಸಲೇ?

ಜಿರಾಫೆಯ ಅಷ್ಟುದ್ದದ ಕತ್ತಿನಲ್ಲಿ ಇರುವುದು ಏಳೇ ಮೂಳೆ. ಮನುಷ್ಯನ ಗೇಣುದ್ದವೂ ಇಲ್ಲದ ಕತ್ತಿನಲ್ಲೂ ಏಳೇ. ಗೈಡಿನಲ್ಲಿ ಓದಿದವನಿಗೆ ಇದು ಬಾಯಿಪಾಠದ ಒಂದು ಸಾಲು. ಜಿರಾಫೆಯ ಎದುರು ನಿಂತು ತಲೆಯೆತ್ತಿ ನೋಡಿದವನು "ಅದ್ಹೇಗೆ ಸಾರ್?" ಅಂತ ಕೇಳುತ್ತಾನೆ. ಕಲಿಕೆ ಶುರುವಾಗೋದೇ ಅಲ್ಲಿ.

ಕಾಲೇಜು ಸೀಟಿಗೆ ಮಾರ್ಕು ಬೇಕು, ನಿಜ. ಪಕ್ಕದ ಮನೆ ಹುಡುಗ ಮುಂದೆ ಹೋಗಿಬಿಟ್ಟಾನು ಅನ್ನೋ ಭಯವೂ ಸುಳ್ಳಲ್ಲ. ಆದರೆ ಎಲ್ಲಾ ಸ್ಕೂಲಿನವರೂ ಒಟ್ಟಿಗೆ ತಿಂಗಳಿಗೊಂದು ಭಾನುವಾರ ಟೆಸ್ಟು ನಿಲ್ಲಿಸಿದರೆ ಯಾರೂ ಹಿಂದೆ ಬೀಳುವುದಿಲ್ಲ. ಆ ದಿನ ವಿಜ್ಞಾನದ ಮೇಷ್ಟ್ರು ಮಕ್ಕಳನ್ನು ಕರೆದುಕೊಂಡು ಹೋಗಲಿ. ಮೂರು ಗಂಟೆ ಸಾಕು. ಪ್ರಶ್ನೆಪತ್ರಿಕೆ ಬೇಡ, ಮಾರ್ಕೂ ಬೇಡ.

ಹೆಡ್ ಮಾಸ್ತರುಗಳು ಒಂದು ಸಲ ಕೂತು ಮಾತಾಡಲಿ. ತಂದೆತಾಯಂದಿರು ಅಡ್ಡ ಬರದಿದ್ದರೆ ಅದೇ ದೊಡ್ಡ ಉಪಕಾರ.